ಒಂದೂ ಮುಕ್ಕಾಲು ಸುತ್ತು

ಮೋಟಾರು ನಡೆಸುವವನ ಎಡಗಾಲಿಗೆ ಶಾಶ್ವತವಾದ ರಜೆಯನ್ನು ಕೊಟ್ಟ ಯಂತ್ರವೆಂದರೆ ಸ್ವಯಂಚಾಲಿತ ಗೇರುಪೆಟ್ಟಿಗೆ. ಕ್ಲಚ್ಚು ತುಳಿಯುವ ಶ್ರಮವಿಲ್ಲ. ಗೇರಿನ ಕೋಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುವ ಗೋಜಿಲ್ಲ. ಏರು ಬಂದಾಗ ಯಾವ ಗೇರು, ಇಳಿಜಾರಿನಲ್ಲಿ ಯಾವ ಗೇರು ಎಂದು ತಲೆ ಕೆಡಿಸಿಕೊಳ್ಳಬೇಕಾದುದೂ ಇಲ್ಲ. ಆದರೆ ಈ ಸುಖಕ್ಕೆ ಒಂದು ಬೆಲೆಯುಂಟು. ಕೈಯಿಂದ ಬದಲಾಯಿಸುವ ಗೇರು ಕೆಟ್ಟಿತೆಂದರೆ ಕೈಗೂ ಕಿವಿಗೂ ಒಡನೆಯೇ ಅದರ ದೂರು ಮುಟ್ಟುತ್ತದೆ. ಸ್ವಯಂಚಾಲಿತ ಪೆಟ್ಟಿಗೆಯಾದರೋ ಬಾಯಿ ಕಟ್ಟಿದ ಭರಣಿಯಂತೆ; ಒಳಗಿನ ಸಮಾಚಾರವೇನೆಂಬುದು ಹೊರಗಿನವರಿಗೆ ತಿಳಿಯದು. ಗಾಡಿಯೊಡೆಯನು ಅದಕ್ಕೆ ಹೆದರುತ್ತಾನೆ. ಹೆದರಿದವನಿಗೆ ದೊಡ್ಡ ಕಾರ್ಖಾನೆಯವರು ಕೊಡುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಇಡೀ ಪೆಟ್ಟಿಗೆಯನ್ನೇ ಇಳಿಸಬೇಕು.’

ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಮನೆಯ ಕೊಟ್ಟಿಗೆಯಲ್ಲಿಟ್ಟು ಸಾಕುವವರ ಸಂಖ್ಯೆ ದೊಡ್ಡದು. ತಂದೆ ಕೊಂಡ ಗಾಡಿಯನ್ನು ಮಗ ಮಾರದೆ ಉಳಿಸಿಕೊಂಡಿರುತ್ತಾನೆ. ಶನಿವಾರ ಬಂತೆಂದರೆ ಅದರ ಕೆಳಗೆ ನುಸುಳುತ್ತಾನೆ. ಇಂಥ ಗಾಡಿಗಳಲ್ಲಿ ಫೋರ್ಡ್ ಕಂಪೆನಿಯ ಮಸ್ಟಾಂಗ್ ತುಂಬ ಪ್ರಸಿದ್ಧವಾದುದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಮೊದಲ ಹನ್ನೆರಡು ತಿಂಗಳಲ್ಲಿಯೇ 4 ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾದುವು. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ‘ಸಿ-4’ ಎಂಬ ಮೂರು ವೇಗದ ಸ್ವಯಂಚಾಲಿತ ಪೆಟ್ಟಿಗೆಯಿತ್ತು. ಈ ಪೆಟ್ಟಿಗೆಯನ್ನು ಫೋರ್ಡ್ ಕಂಪೆನಿ 1964ರಿಂದ 1981ರವರೆಗೆ ತಯಾರಿಸಿತು. ಗಾಡಿಯನ್ನು ಕೊಂಡವರು ಮುದುಕರಾದರು, ಅದನ್ನು ರಿಪೇರಿ ಮಾಡಿದವರು ನಿವೃತ್ತರಾದರು, ಕಂಪೆನಿ ತನ್ನ ಮಾರಾಟಗಾರರಿಗೆ ಒದಗಿಸಿದ್ದ ವಿಶೇಷ ಹತ್ಯಾರುಗಳು ಹಳೆಯ ವಸ್ತುಗಳನ್ನು ಕೂಡಿಡುವವರ ಪೆಟ್ಟಿಗೆ ಸೇರಿದುವು. ಗಾಡಿ ಮಾತ್ರ ಉಳಿದಿದೆ. ಒಂದು ದಿನ ಅದು ಮೊದಲನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಎಂಜಿನು ಸುಮ್ಮನೆ ಬೊಬ್ಬಿರಿಯುತ್ತದೆ, ವೇಗ ಏರುವುದಿಲ್ಲ, ಅರೆಗಳಿಗೆ ತಡೆದು ಗೇರು ಹಿಡಿಯುತ್ತದೆ. ಆಗ ಮಾಡತಕ್ಕದ್ದೇನು?

ಉತ್ತರ ಬಹಳಮಟ್ಟಿಗೆ ಒಂದು ತಿರುಪಿನಲ್ಲಿದೆ. ಆ ತಿರುಪು ಪೆಟ್ಟಿಗೆಯ ಹೊರಮೈಯಲ್ಲಿಯೇ ಇದೆ. ಅದನ್ನು ಮುಟ್ಟುವ ಮುನ್ನ ಒಳಗೆ ನಡೆಯುವ ವ್ಯವಹಾರವನ್ನು ಸ್ವಲ್ಪ ತಿಳಿಯುವುದು ಮೇಲು.

ಸ್ವಯಂಚಾಲಿತ ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ. ಅವು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ನಡುವೆ ಸೂರ್ಯಚಕ್ರ, ಅದರ ಸುತ್ತ ತಿರುಗುವ ಗ್ರಹಚಕ್ರಗಳು, ಇವೆಲ್ಲವನ್ನೂ ಬಳಸಿಕೊಂಡು ಒಳಮೈಯಲ್ಲಿ ಹಲ್ಲುಳ್ಳ ಹೊರಬಳೆ. ಜ್ಯೋತಿಷ್ಯದ ಪುಸ್ತಕದಿಂದ ಎರವಲು ತಂದಂತಿರುವ ಈ ಹೆಸರುಗಳು ಯಂತ್ರಶಾಸ್ತ್ರದಲ್ಲಿ ನಿಜವಾಗಿಯೂ ಬಳಕೆಯಲ್ಲಿವೆ. ಈ ಮೂರರಲ್ಲಿ ಯಾವುದನ್ನು ತಿರುಗದಂತೆ ಹಿಡಿದು ನಿಲ್ಲಿಸುತ್ತೇವೆಯೋ ಅದಕ್ಕೆ ತಕ್ಕಂತೆ ಹೊರಬರುವ ವೇಗ ಬದಲಾಗುತ್ತದೆ. ಹೋವರ್ಡ್ ಸಿಂಪ್ಸನ್ ಎಂಬ ಅಮೆರಿಕದ ಎಂಜಿನಿಯರು ಇಂಥ ಎರಡು ಗ್ರಹಮಂಡಲಗಳಿಗೆ ಒಂದೇ ಸೂರ್ಯಚಕ್ರವನ್ನು ಇಟ್ಟು ಮೂರು ವೇಗಗಳನ್ನು ಸಾಧಿಸುವ ಉಪಾಯವನ್ನು ಕಂಡುಹಿಡಿದನು. ಸಿ-4 ಪೆಟ್ಟಿಗೆಯಲ್ಲಿರುವುದು ಅದೇ ಉಪಾಯ. ಅದರ ಮೊದಲ ಗೇರಿನಲ್ಲಿ ಎಂಜಿನಿನ ಕಡೆಯಿಂದ ಬರುವ ದಂಡ 2.46 ಸುತ್ತು ತಿರುಗಿದಾಗ ಹೊರಹೋಗುವ ದಂಡ ಒಂದು ಸುತ್ತು ತಿರುಗುತ್ತದೆ, ಎರಡನೆಯದರಲ್ಲಿ 1.46ಕ್ಕೆ ಒಂದು, ಮೂರನೆಯದರಲ್ಲಿ ಒಂದಕ್ಕೆ ಒಂದು.

ತಿರುಗುವ ಚಕ್ರವನ್ನು ಹಿಡಿದು ನಿಲ್ಲಿಸುವುದು ಹೇಗೆ? ಮಜ್ಜಿಗೆ ಕಡೆಯುವ ಕಡಗೋಲಿಗೆ ಸುತ್ತಿದ ಹಗ್ಗವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಗ್ಗದ ಎರಡು ತುದಿಗಳನ್ನೂ ಒಮ್ಮೆಗೇ ಬಿಗಿಯಾಗಿ ಎಳೆದು ಹಿಡಿದರೆ ಕಡಗೋಲು ಅಲ್ಲಾಡದೆ ನಿಂತುಬಿಡುತ್ತದೆ. ಇಲ್ಲಿ ಹಗ್ಗದ ಬದಲು ಒಂದು ಉಕ್ಕಿನ ಪಟ್ಟಿ. ಅದರ ಒಳಮೈಗೆ ಉಜ್ಜಿದರೆ ಬೇಗ ಸವೆಯದಂಥ ಅಸ್ತರಿ. ಕಡಗೋಲಿನ ಬದಲು ಒಂದು ಡ್ರಮ್ಮು. ಪಟ್ಟಿ ಡ್ರಮ್ಮನ್ನು ಬಳಸಿಕೊಂಡಿರುತ್ತದೆ. ಅದರ ಒಂದು ತುದಿಯನ್ನು ಎಣ್ಣೆಯ ಒತ್ತಡದಿಂದ ಚಲಿಸುವ ಸರ್ವೋ ಎಂಬ ಕೊಂತ ತಳ್ಳುತ್ತದೆ. ಇನ್ನೊಂದು ತುದಿ ಆನಿಕೊಂಡಿರುವುದು ನಮ್ಮ ಕಥಾನಾಯಕನಾದ ತಿರುಪಿಗೆ. ಪಟ್ಟಿಯ ತುದಿಗೂ ತಿರುಪಿಗೂ ನಡುವೆ ಸ್ಟ್ರಟ್ಟು ಎಂಬ ಪುಟ್ಟ ಉಕ್ಕಿನ ತುಂಡೊಂದು ಸಿಕ್ಕಿಕೊಂಡು ನಿಂತಿರುತ್ತದೆ. ಯಾವ ಮೊಳೆಯೂ ಅದನ್ನು ಹಿಡಿದಿಲ್ಲ. ಬಿಗಿ ಇದ್ದಷ್ಟು ಕಾಲ ಅದು ನಿಲ್ಲುತ್ತದೆ, ಅಷ್ಟೆ. ಈ ತುಂಡಿನ ವಿಚಾರವನ್ನು ವಾಚಕರು ಮರೆಯದೆ ಇಟ್ಟುಕೊಳ್ಳಬೇಕು. ಮುಂದೆ ಅದು ತೊಂದರೆ ಕೊಡಲಿದೆ.

ವರ್ಷಗಳು ಕಳೆದಂತೆ ಅಸ್ತರಿ ಸವೆಯುತ್ತದೆ. ಪಟ್ಟಿಗೂ ಡ್ರಮ್ಮಿಗೂ ನಡುವಣ ಸಂದು ಹಿಗ್ಗುತ್ತದೆ. ಸರ್ವೋ ತಳ್ಳಿದರೂ ಪಟ್ಟಿ ಹಿಡಿಯಲು ತಡವಾಗುತ್ತದೆ. ಎರಡನೆಯ ಗೇರಿಗೆ ಹೋಗುವಾಗ ಎಂಜಿನು ಬೊಬ್ಬಿರಿಯುವುದು ಈ ತಡದಿಂದಲೇ. ಆ ಗಳಿಗೆಯಲ್ಲಿ ಪಟ್ಟಿ ಡ್ರಮ್ಮಿನ ಮೇಲೆ ಜಾರುತ್ತದೆ, ಜಾರಿದಾಗ ಕಾವೇರುತ್ತದೆ, ಕಾವಿನಿಂದ ಇನ್ನಷ್ಟು ಸವೆಯುತ್ತದೆ. ಉಪೇಕ್ಷೆ ಮಾಡಿದರೆ ಇಂದು ಒಂದು ತಿರುಪಿನ ಕೆಲಸವಾಗಿದ್ದುದು ನಾಳೆ ಪೆಟ್ಟಿಗೆಯನ್ನೇ ಬಿಚ್ಚುವ ಕೆಲಸವಾಗುತ್ತದೆ. ಅತ್ತ ತಿರುಪನ್ನು ಅತಿಯಾಗಿ ಬಿಗಿದರೂ ಕೇಡೇ. ಮೂರನೆಯ ಗೇರಿನಲ್ಲಿ ಆ ಡ್ರಮ್ಮು ಎಂಜಿನಿನೊಡನೆ ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಬಿಗಿಯಾದ ಪಟ್ಟಿ ಅದನ್ನು ಉಜ್ಜುತ್ತಲೇ ಇದ್ದು ಕೆಲವೇ ದಿನಗಳಲ್ಲಿ ಸುಟ್ಟು ಕರಕಾಗುತ್ತದೆ. ಸಡಿಲವೂ ಬೇಡ, ಬಿಗಿಯೂ ಬೇಡ ಎಂಬ ಈ ನಡುಹಾದಿಯನ್ನು ಕಂಡುಕೊಳ್ಳುವುದೇ ಹೊಂದಾಣಿಕೆಯ ಗುಟ್ಟು.

ಪಟ್ಟಿಯನ್ನು ಬಿಗಿದು ಸಡಿಲಿಸುವ ಈ ಕಲೆ ಹೊಸದೇನೂ ಅಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಗಾಡಿಗಳಷ್ಟು ತಯಾರಾದ ಫೋರ್ಡ್ ಮಾಡೆಲ್-ಟಿ ಕಾರಿನಲ್ಲಿಯೂ ಗ್ರಹಚಕ್ರಗಳೇ ಇದ್ದುವು, ಪಟ್ಟಿಗಳೇ ಇದ್ದುವು. ಅವುಗಳನ್ನು ಕಾಲಿನಿಂದ ತುಳಿದು ಬಿಗಿಯಬೇಕಿತ್ತು. ನಿಧಾನ ವೇಗದ ಪಟ್ಟಿಯ ತಿರುಪು ಹೊರಗಡೆ. ಹಿನ್ನಡೆಯ ಮತ್ತು ಬ್ರೇಕಿನ ಪಟ್ಟಿಗಳಿಗೆ ಮುಚ್ಚಳ ತೆಗೆದು ಕೈ ಹಾಕಬೇಕು. ಅಮೆರಿಕದ ಹೊಲಗಳಲ್ಲಿ ದುಡಿಯುತ್ತಿದ್ದ ರೈತರು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಮುಚ್ಚಳ ತೆಗೆದಾಗ ಒಂದು ನಟ್ಟು ಒಳಗೆ ಬಿದ್ದರೆ ದಿನವೆಲ್ಲ ಹಾಳು ಎಂಬ ಭಯವೊಂದೇ ಅವರಿಗೆ. ಅನಂತರ 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಗಾಡಿಗಳಿಗಾಗಿ ಜನರಲ್ ಮೋಟಾರ್ಸ್ ಕಂಪೆನಿಯವರು ಹೈಡ್ರಾ-ಮ್ಯಾಟಿಕ್ ಎಂಬ ಪೆಟ್ಟಿಗೆಯನ್ನು ಹೊರತಂದರು. ಕಾಲಿನ ಕೆಲಸ ಎಣ್ಣೆಯ ಒತ್ತಡದ ಪಾಲಾಯಿತು. ಯುದ್ಧಕಾಲದಲ್ಲಿ ಅದು ಟ್ಯಾಂಕುಗಳಲ್ಲಿ ಓಡಿತು. 1952ರಲ್ಲಿ ರೋಲ್ಸ್‌-ರಾಯ್ಸ್‌ನಂಥ ಅಭಿಮಾನದ ಕಂಪೆನಿಯೂ ಅದನ್ನೇ ಒಪ್ಪಿಕೊಂಡಿತು. ಎಣ್ಣೆ ಬಂದಿತೆಂದು ಪಟ್ಟಿ ಹೋಗಲಿಲ್ಲ. ಆದರೆ ಪಟ್ಟಿಯನ್ನು ಸರಿಪಡಿಸುವ ಅಧಿಕಾರ ಮಾತ್ರ ರೈತನ ಕೈಯಿಂದ ಜಾರಿ ವಿಶೇಷ ಹತ್ಯಾರು ಇಟ್ಟುಕೊಂಡವನ ಕೈಗೆ ಹೋಯಿತು.

ಹಾಗಾದರೆ ಆ ವಿಶೇಷ ಹತ್ಯಾರು ಮಾಡುತ್ತಿದ್ದುದೇನು? ಸಿ-4 ಪೆಟ್ಟಿಗೆಗಾಗಿ ಫೋರ್ಡ್ ಕಂಪೆನಿ ಕೊಟ್ಟಿದ್ದುದು ಒಂದು ಸ್ಪ್ಯಾನರು. ತಿರುಪಿನ ಮೇಲೆ ಹತ್ತು ಅಡಿ-ಪೌಂಡುಗಳಷ್ಟು ತಿರುಗುಬಲ ಬಿದ್ದೊಡನೆ ಅದು ‘ಟಕ್’ ಎಂದು ಸದ್ದು ಮಾಡಿ ಜಾರಿಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚು ಬಿಗಿಯಲು ಬಿಡುತ್ತಿರಲಿಲ್ಲ. ಸದ್ದು ಕೇಳಿದ ಮೇಲೆ ಎರಡನೆಯ ಗೇರಿನ ಪಟ್ಟಿಯ ತಿರುಪನ್ನು ಒಂದೂ ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಹಿನ್ನಡೆಗೂ ಕೆಳಗೇರಿಗೂ ಇರುವ ಇನ್ನೊಂದು ಪಟ್ಟಿಗೆ ಅದೇ ಹತ್ತು ಅಡಿ-ಪೌಂಡು, ಆದರೆ ಮೂರು ಸುತ್ತು ಹಿಂದಕ್ಕೆ. ಇಷ್ಟೇ ಕಂಪೆನಿಯ ಮಂತ್ರ.

ಮಂತ್ರದ ಅರ್ಥವನ್ನು ಬಿಡಿಸಿದರೆ ಮಂತ್ರವಾದಿಯ ಹಂಗು ತಪ್ಪುತ್ತದೆ. ಬೇಕಾಗಿರುವುದು ಪಟ್ಟಿಗೂ ಡ್ರಮ್ಮಿಗೂ ನಡುವೆ ಒಂದು ನಿಶ್ಚಿತವಾದ ಸಂದು. ಒಳಗೆ ಅಳತೆಪಟ್ಟಿ ಹಿಡಿಯಲು ಬಾರದು. ಆದುದರಿಂದ ಮೊದಲು ಸಂದು ಪೂರ್ತಿ ಮುಚ್ಚುವಂತೆ ಪಟ್ಟಿಯನ್ನು ಡ್ರಮ್ಮಿಗೆ ಅಪ್ಪಿಸಬೇಕು; ಅದು ಸೊನ್ನೆಯ ಗುರುತು. ಅಲ್ಲಿಂದ ತಿರುಪನ್ನು ಎಷ್ಟು ಸುತ್ತು ಹಿಂದಕ್ಕೆ ತೆಗೆದರೆ ಅಷ್ಟು ಸಂದು. ಹತ್ತು ಅಡಿ-ಪೌಂಡು ಎಂಬ ಅಂಕೆ ಸೊನ್ನೆಯನ್ನು ಕಂಡುಕೊಳ್ಳುವ ಉಪಾಯ ಮಾತ್ರ; ನಿಜವಾದ ಅಳತೆ ಇರುವುದು ಸುತ್ತುಗಳಲ್ಲಿ. ಉಕ್ಕಿನ ಪಟ್ಟಿ ಡ್ರಮ್ಮನ್ನು ಅಪ್ಪಿಕೊಂಡ ಮೇಲೆ ತಿರುಪು ಥಟ್ಟನೆ ಗಟ್ಟಿಯಾಗುತ್ತದೆ. ಆಗ ಹತ್ತರ ಬದಲು ಒಂಬತ್ತೋ ಹನ್ನೊಂದೋ ಆದರೆ ತಿರುಪಿನ ಸ್ಥಾನ ಹೆಚ್ಚೇನೂ ಬದಲಾಗದು. ಸುತ್ತು ಎಣಿಸುವಾಗ ಅರ್ಧ ಸುತ್ತು ತಪ್ಪಿದರೆ ಮಾತ್ರ ಅಳತೆ ಕೆಟ್ಟುಹೋಗುತ್ತದೆ. ಬೆಲೆಬಾಳುವ ಸ್ಪ್ಯಾನರಿನ ಮೇಲಿನ ಭಕ್ತಿಯಲ್ಲಿ ಮುಳುಗಿ ಸುತ್ತುಗಳನ್ನು ಅಂದಾಜಿನಲ್ಲಿ ಎಣಿಸುವವರು ಆನೆಯನ್ನು ಹಿಡಿದು ಅಂಕುಶವನ್ನು ಕಳೆದುಕೊಂಡವರು.

ಇನ್ನು ಹತ್ತು ಅಡಿ-ಪೌಂಡನ್ನು ಮನೆಯಲ್ಲಿ ಉಂಟುಮಾಡುವ ಬಗೆ. ತಿರುಪಿನ ನಡುವಿನಿಂದ ಸರಿಯಾಗಿ ಒಂದು ಅಡಿ ದೂರದಲ್ಲಿ ಸ್ಪ್ಯಾನರನ್ನು ಹತ್ತು ಪೌಂಡು ಬಲದಿಂದ ಎಳೆದರೆ ಅದೇ ಹತ್ತು ಅಡಿ-ಪೌಂಡು. ಇಂದಿನ ಅಳತೆಯಲ್ಲಿ ಹೇಳುವುದಾದರೆ 30.5 ಸೆಂಟಿಮೀಟರು ದೂರದಲ್ಲಿ 4.54 ಕಿಲೋ ತೂಕ. ಸ್ಪ್ಯಾನರು ಚಿಕ್ಕದಾಗಿ ದೂರ ಒಂಬತ್ತು ಅಂಗುಲವೇ ಆದರೆ ಸುಮಾರು 6 ಕಿಲೋ. ಆರು ಅಂಗುಲವಾದರೆ 9 ಕಿಲೋಗಿಂತ ತುಸು ಹೆಚ್ಚು. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಆ ಜಾಗಕ್ಕೆ ಸಿಕ್ಕಿಸಿ, ಮುಳ್ಳು ಆ ಅಂಕೆಗೆ ಬರುವವರೆಗೆ ಎಳೆದರೆ ಕೆಲಸ ಮುಗಿಯಿತು. ವಿಮಾನ ಪ್ರಯಾಣಿಕರು ಪೆಟ್ಟಿಗೆಗಳನ್ನು ತೂಗುವ ಕೈತಕ್ಕಡಿಯೂ ಆದೀತು. ಒಂದೇ ಒಂದು ನಿಯಮ: ಎಳೆತ ಸ್ಪ್ಯಾನರಿಗೆ ಲಂಬವಾಗಿರಬೇಕು. ಲಂಬದಿಂದ ಮೂವತ್ತು ಡಿಗ್ರಿ ಓರೆಯಾಗಿ ಎಳೆದರೆ ನೂರಕ್ಕೆ ಹದಿಮೂರು ಪಾಲು ಬಲ ವ್ಯರ್ಥವಾಗುತ್ತದೆ.

ತಕ್ಕಡಿಯೂ ಇಲ್ಲದವನಿಗೆ ನೀರಿದೆ. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನೀರೂ ಡಬ್ಬಿಯೂ ಸೇರಿ ನಾಲ್ಕೂವರೆ ಕಿಲೋ ಆಗುವಂತೆ ಅಡಿಗೆಮನೆಯಲ್ಲಿ ತೂಗಿ, ಹಗ್ಗ ಕಟ್ಟಿ ಸ್ಪ್ಯಾನರಿನ ತುದಿಗೆ ನೇತುಹಾಕಬಹುದು. ಸಿ-4ರ ತಿರುಪುಗಳು ಪೆಟ್ಟಿಗೆಯ ಪಕ್ಕದಿಂದ ಹೆಚ್ಚು ಕಡಮೆ ಅಡ್ಡಲಾಗಿ ಹೊರಕ್ಕೆ ಚಾಚಿರುವುದರಿಂದ ಈ ಉಪಾಯ ಅಲ್ಲಿ ಹೊಂದುತ್ತದೆ. ಎರಡನೆಯ ಗೇರಿನ ತಿರುಪು ಗಾಡಿಯ ಎಡಗಡೆ, ಪೆಟ್ಟಿಗೆಯ ಮುಂಭಾಗದಲ್ಲಿದೆ; ಅಲ್ಲಿ ಸ್ಪ್ಯಾನರನ್ನು ಗಾಡಿಯ ಹಿಂಬದಿಗೆ ಚಾಚುವಂತೆ ಮಟ್ಟವಾಗಿ ಹಿಡಿದು ತೂಕ ಬಿಟ್ಟರೆ ಅದು ಬಿಗಿಯುವ ದಿಕ್ಕಿಗೇ ತಿರುಗುತ್ತದೆ. ಹಿನ್ನಡೆಯ ಪಟ್ಟಿಯ ತಿರುಪು ಬಲಗಡೆ, ಹಿಂಭಾಗದಲ್ಲಿ. ಅಲ್ಲಿ ಸ್ಪ್ಯಾನರು ಗಾಡಿಯ ಮುಂಬದಿಗೆ ಚಾಚಬೇಕು. ಸ್ಪ್ಯಾನರಿನ ಸ್ವಂತ ತೂಕವೂ ಸ್ವಲ್ಪ ಸೇರುತ್ತದೆ. ಅದು ಮುನ್ನೂರು ಗ್ರಾಮು ಇದ್ದರೆ ತುದಿಯಲ್ಲಿ ನೂರೈವತ್ತು ಗ್ರಾಮು ಕಟ್ಟಿದಂತೆ. ಆ ಲೆಕ್ಕವನ್ನು ಕಳೆಯಬಹುದು, ಬಿಟ್ಟರೂ ಪ್ರಳಯವಾಗದು. ಸ್ಪ್ರಿಂಗು ಸೋಲಬಹುದು, ಸ್ಪ್ಯಾನರಿನ ಯಂತ್ರ ಹಳತಾಗಬಹುದು. ಭೂಮಿ ಮಾತ್ರ ತನ್ನ ಎಳೆತದಲ್ಲಿ ಎಂದೂ ಕಡಮೆ ಮಾಡದು. ಗಾಡಿಯ ತಳದಲ್ಲಿ ಡಬ್ಬಿ ತೂಗಲು ಜಾಗ ಸಿಕ್ಕದಿದ್ದರೆ ಒಂದು ಬೋಲ್ಟನ್ನು ಮೇಜಿನ ಇಕ್ಕಳದಲ್ಲಿ ಅಡ್ಡಲಾಗಿ ಹಿಡಿಸಿ, ಅಲ್ಲಿ ತೂಕವನ್ನು ಮತ್ತೆ ಮತ್ತೆ ನೇತುಹಾಕಿ, ಆ ಬಿಗಿ ಕೈಗೆ ಹೇಗೆ ತಿಳಿಯುತ್ತದೆಂಬುದನ್ನು ಕಲಿತುಕೊಳ್ಳುವ ಜಾಣರೂ ಉಂಟು. ತಂಬೂರಿಯ ಬಿರಡೆ ತಿರುಗಿಸುವವನಿಗೆ ಕಿವಿ ಹೇಗೋ ಇವರಿಗೆ ಮುಂಗೈ ಹಾಗೆ.

ಸುತ್ತು ಎಣಿಸುವುದಂತೂ ಇನ್ನೂ ಸುಲಭ. ತಿರುಪಿನ ತಲೆ ಚೌಕಾಕಾರ. ಒಂದು ಮುಖಕ್ಕೆ ಸುಣ್ಣದ ಗೆರೆ ಎಳೆದರೆ, ಒಂದು ಮುಖದಿಂದ ಮುಂದಿನ ಮುಖಕ್ಕೆ ಕಾಲು ಸುತ್ತು. ಒಂದೂ ಮುಕ್ಕಾಲು ಸುತ್ತೆಂದರೆ ಏಳು ಮುಖ. ಮೂರು ಸುತ್ತೆಂದರೆ ಹನ್ನೆರಡು.

ಆದರೆ ತಿರುಪಿಗೆ ಕೈ ಹಚ್ಚುವ ಮುನ್ನ ಒಂದು ಗಂಟೆ ಬೇರೆ ಕೆಲಸವಿದೆ. ಬಹುಮಂದಿ ಇದನ್ನು ಮಾಡದೆ ತಿರುಪಿನ ಮೇಲೆ ಬೀಳುವುದರಿಂದಲೇ ತಿರುಪಿಗೆ ಕೆಟ್ಟ ಹೆಸರು. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಕಾದ ಮೇಲೆ ಮಟ್ಟವಾದ ನೆಲದಲ್ಲಿ ನಿಲ್ಲಿಸಬೇಕು. ಬ್ರೇಕನ್ನು ತುಳಿದುಕೊಂಡು ಗೇರಿನ ಕೋಲನ್ನು ಎಲ್ಲ ಸ್ಥಾನಗಳಿಗೂ ಒಮ್ಮೊಮ್ಮೆ ಸರಿಸಿ ‘ಪಾರ್ಕ್’ನಲ್ಲಿ ತಂದಿಟ್ಟು, ಎಂಜಿನು ನಡೆಯುತ್ತಿರುವಾಗಲೇ ಅಳತೆಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಎಣ್ಣೆ ಕಡಮೆಯಾದರೂ ಗೇರು ಜಾರುತ್ತದೆ. ಆಗ ತಿರುಪಿನ ತಪ್ಪೇನೂ ಇಲ್ಲ. ಎಣ್ಣೆಯ ಬಣ್ಣ ಕೆಂಪಾಗಿದ್ದರೆ ಶುಭ. ಕಂದಾಗಿ, ಸೀದ ವಾಸನೆ ಬರುತ್ತಿದ್ದರೆ ಅಸ್ತರಿ ಆಗಲೇ ಸುಟ್ಟಿದೆಯೆಂದು ತಿಳಿಯಬೇಕು. ಫೋರ್ಡ್ ಕಂಪೆನಿಯ ಆ ಕಾಲದ ಪೆಟ್ಟಿಗೆಗಳಿಗೆ ‘ಟೈಪ್ ಎಫ್’ ಎಂಬ ಎಣ್ಣೆಯೇ ಬೇರೆ. ಎಲ್ಲ ಕೆಂಪೆಣ್ಣೆಯೂ ಒಂದೇ ಎಂದು ಅಂಗಡಿಯಲ್ಲಿ ಕಂಡುದನ್ನು ಸುರಿಯುವುದು ಸರಿಯಲ್ಲ.

ಇನ್ನೊಂದು ಚಿಕ್ಕ ಮೋಸಗಾರನೆಂದರೆ ರಬ್ಬರು ಕೊಳವೆ. ಎಂಜಿನಿನ ನಿರ್ವಾತವನ್ನು ಅದು ಪೆಟ್ಟಿಗೆಗೆ ಮುಟ್ಟಿಸುತ್ತದೆ. ನಿರ್ವಾತ ಎಷ್ಟಿದೆಯೆಂಬುದರಿಂದ ಎಂಜಿನಿನ ಹೊರೆ ಎಷ್ಟೆಂಬುದನ್ನು ಪೆಟ್ಟಿಗೆ ಅರಿತುಕೊಳ್ಳುತ್ತದೆ. ಅರವತ್ತು ವರ್ಷದ ರಬ್ಬರು ಬಿರಿದಿದ್ದರೆ ಆಶ್ಚರ್ಯವೇನು? ಕೊಳವೆ ಒಡೆದರೆ ಗೇರುಗಳು ತಡವಾಗಿ, ಒರಟಾಗಿ ಬೀಳುತ್ತವೆ. ಕೊಳವೆಯ ತುದಿಯಲ್ಲಿರುವ ಪೊರೆ ಹರಿದರೆ ಎಂಜಿನು ಪೆಟ್ಟಿಗೆಯ ಎಣ್ಣೆಯನ್ನೇ ಹೀರಿ ಬೆಳ್ಳನೆಯ ಹೊಗೆಯನ್ನು ಉಗುಳುತ್ತದೆ. ಕೆಲವೇ ಕಾಸಿನ ಕೊಳವೆಗಾಗಿ ಪೆಟ್ಟಿಗೆಯನ್ನೇ ಬಿಚ್ಚಿಸಿಕೊಂಡವರುಂಟು.

ಗಾಡಿಯ ಕೆಳಗೆ ಹೋಗುವ ವಿಷಯದಲ್ಲಿ ಹಾಸ್ಯಕ್ಕೆ ಎಡೆಯಿಲ್ಲ. ಜಾಕಿ ಎತ್ತುವುದಕ್ಕಿರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿ ನೆಲದ ಮೇಲೆ ಉಕ್ಕಿನ ಕಾಲ್ಮಣೆಗಳನ್ನು ಕೊಟ್ಟು, ನೆಲಕ್ಕೆ ತಗುಲಿರುವ ಚಕ್ರಗಳಿಗೆ ಅಡ್ಡ ಇಟ್ಟು, ಗಾಡಿಯನ್ನು ಬಲವಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ನುಸುಳಬೇಕು. ಹೊಗೆಕೊಳವೆ ಆರಿರಬೇಕು, ಎಂಜಿನು ನಿಂತಿರಬೇಕು. ಹತ್ತಿರದಲ್ಲಿ ಮನೆಯವರೊಬ್ಬರು ಇದ್ದರೆ ಒಳ್ಳೆಯದು.

ಈಗ ಆ ಪುಟ್ಟ ಉಕ್ಕಿನ ತುಂಡಿನ ಮಾತು. ತಿರುಪಿನ ಮೇಲೆ ಒಂದು ಬೀಗದ ನಟ್ಟಿದೆ. ವರ್ಷಗಳ ಕೊಳೆಯಿಂದ ಅದು ತಿರುಪಿಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕದೆ, ತಿರುಪಿನ ತಲೆಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯದೆ ನಟ್ಟನ್ನು ತಿರುಗಿಸಿದರೆ ಅದು ತಿರುಪನ್ನೂ ಜೊತೆಗೆ ಎಳೆದುಕೊಂಡು ಹೊರಬರುತ್ತದೆ. ನಾಲ್ಕೈದು ಸುತ್ತು ಹೊರಬಂದಿತೋ, ಒಳಗೆ ‘ಟಿಂಗ್’ ಎಂದು ಒಂದು ಸಣ್ಣ ಸದ್ದು. ಬಿಗಿ ತಪ್ಪಿದ ಸ್ಟ್ರಟ್ಟು ಕಳಚಿ ಕೆಳಗೆ ಬಿದ್ದಿತು! ಅಲ್ಲಿಗೆ ಪಟ್ಟಿ ನಿರುಪಯುಕ್ತ. ಎಣ್ಣೆತಟ್ಟೆಯನ್ನು ಇಳಿಸಿ, ಎಣ್ಣೆಯಲ್ಲಿ ಮೀಯುತ್ತ ಆ ತುಂಡನ್ನು ಹುಡುಕಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ತಿರುಪನ್ನೂ ಹಿಡಿದು ಮತ್ತೆ ಕೂಡಿಸುವುದರೊಳಗೆ ಶನಿವಾರ ಕಳೆದು ಭಾನುವಾರವೂ ಮುಗಿಯುತ್ತದೆ. ಆದುದರಿಂದ ಮೊದಲು ಬಿಗಿಯುವುದು, ಅನಂತರ ಸಡಿಲಿಸುವುದು; ಈ ಕ್ರಮ ಎಂದಿಗೂ ತಲೆಕೆಳಗಾಗಬಾರದು.

ನಟ್ಟು ಬಿಟ್ಟುಕೊಂಡ ಮೇಲೆ ಅದನ್ನು ತೆಗೆದು ಬಿಸುಡಬೇಕು. ಕಂಪೆನಿಯ ಕೈಪಿಡಿಯೂ ಹಾಗೆಯೇ ವಿಧಿಸಿದೆ. ನಟ್ಟಿನೊಳಗೆ ಎಣ್ಣೆ ಸೋರದಂತೆ ತಡೆಯುವ ಮುದ್ರೆಯೊಂದಿದೆ. ಒಮ್ಮೆ ಒತ್ತಿಸಿಕೊಂಡ ಮುದ್ರೆ ಎರಡನೆಯ ಸಲ ಕೂರದು. ಎಳೆಗಳನ್ನು ಒರಸಿ, ಹೊಸ ನಟ್ಟನ್ನು ಸಡಿಲವಾಗಿ ಏರಿಸಿ, ತಿರುಪನ್ನು ನಿಧಾನವಾಗಿ ಬಿಗಿಯತೊಡಗಬೇಕು. ಇಲ್ಲಿಯೂ ಮುಖಗಳನ್ನು ಎಣಿಸುತ್ತ ಹೋಗುವುದು ಜಾಣತನ. ಏಕೆಂದರೆ ಹತ್ತು ಅಡಿ-ಪೌಂಡು ಮುಟ್ಟುವುದರೊಳಗೆ ತಿರುಪು ಎಷ್ಟು ತಿರುಗಿತೆಂಬುದೇ ರೋಗದ ಪರೀಕ್ಷೆ. ಹನ್ನೆರಡು ಮುಖ ತಿರುಗಿದರೆ ಏಳಿರಬೇಕಾದಲ್ಲಿ ಐದು ಹೆಚ್ಚು. ಪಟ್ಟಿ ನಿಜವಾಗಿಯೂ ಸಡಿಲವಾಗಿತ್ತು. ಏಳೇ ಮುಖಕ್ಕೆ ಬಿಗಿಯಾಯಿತೆಂದರೆ ಹೊಂದಾಣಿಕೆ ಮೊದಲೇ ಸರಿಯಾಗಿತ್ತು, ರೋಗ ಬೇರೆಡೆಯಿದೆ. ಟಕ್ಕೆಂದು ಜಾರುವ ಕಂಪೆನಿಯ ಸ್ಪ್ಯಾನರು ಹಿಡಿದವನು ಈ ಲೆಕ್ಕವನ್ನು ನೋಡುತ್ತಿದ್ದನೋ ಇಲ್ಲವೋ! ಹತ್ಯಾರಿಲ್ಲದವನಿಗೆ ಗಮನವೇ ಹತ್ಯಾರು.

ಸೊನ್ನೆ ಸಿಕ್ಕಿದ ಮೇಲೆ ಏಳು ಮುಖ ಹಿಂದಕ್ಕೆ. ಇನ್ನು ಉಳಿದುದು ನಟ್ಟನ್ನು ಬಿಗಿಯುವ ಕೆಲಸ. ಎಚ್ಚರ ತಪ್ಪಿದವರು ತಪ್ಪುವುದು ಇಲ್ಲಿಯೇ. 35ರಿಂದ 45 ಅಡಿ-ಪೌಂಡುಗಳಷ್ಟು ಬಿಗಿಯುವಾಗ ನಟ್ಟು ತಿರುಪನ್ನೂ ಕಾಲು ಸುತ್ತು ಎಳೆದುಕೊಂಡು ಹೋಗಿಬಿಡುತ್ತದೆ; ಅಷ್ಟು ಹೊತ್ತಿನ ಲೆಕ್ಕಾಚಾರವೆಲ್ಲ ನೀರುಪಾಲು. ಸುಣ್ಣದ ಗೆರೆ ಎದುರಿಗಿರಲಿ, ತಿರುಪಿನ ತಲೆ ಒಂದು ಕೈಯ ಸ್ಪ್ಯಾನರಿನಲ್ಲಿ ಅಲುಗದೆ ಇರಲಿ. ನಟ್ಟು ಬಿಗಿದ ಮೇಲೂ ಗೆರೆ ಇದ್ದಲ್ಲಿಯೇ ಇದ್ದರೆ ಕೆಲಸ ಸರಿ. ಸರಿದಿದ್ದರೆ ಬೇಸರಪಡದೆ ಮೊದಲಿನಿಂದ ಮಾಡಬೇಕು.

ಈ ಅಂಕೆಗಳನ್ನು ಓದಿದ ಯಾರೂ ಬೇರೆ ಗಾಡಿಯ ಮೇಲೆ ಅವನ್ನು ಪ್ರಯೋಗಿಸಬಾರದು. ಷೆವರ್ಲೆಯ ಅಲ್ಯುಮಿನಿಯಂ ಮೈಯ ಪವರ್‌ಗ್ಲೈಡ್ ಪೆಟ್ಟಿಗೆಗೆ ಹೇಳಿರುವುದು 70 ಅಂಗುಲ-ಪೌಂಡು ಬಿಗಿದು, ಹಳೆಯ ಪಟ್ಟಿಯಾದರೆ ನಾಲ್ಕು ಸುತ್ತು ಹಿಂದಕ್ಕೆ. ಕ್ರೈಸ್ಲರಿನ ಟಾರ್ಕ್‌ಫ್ಲೈಟಿನ ಮುಂದಿನ ಪಟ್ಟಿಗೆ 72 ಅಂಗುಲ-ಪೌಂಡು. ಎಷ್ಟು ಸುತ್ತು ಹಿಂದಕ್ಕೆಂಬುದು ವರ್ಷಕ್ಕೂ ಮಾದರಿಗೂ ತಕ್ಕಂತೆ ಬೇರೆ. ಅಂಗುಲ-ಪೌಂಡು ಎಂದಿರುವುದನ್ನು ಅಡಿ-ಪೌಂಡೆಂದು ಓದಿದರೆ ಹನ್ನೆರಡು ಪಟ್ಟು ಬಿಗಿ! ಫೋರ್ಡಿನವರದೇ ಹಳೆಯ ಕಬ್ಬಿಣದ ಮೈಯ ಕ್ರೂಸ್-ಓ-ಮ್ಯಾಟಿಕ್ಕಿನಲ್ಲಿ ಮುಂದಿನ ಪಟ್ಟಿಯ ತಿರುಪು ಒಳಗಿದೆ. ಅಲ್ಲಿ ಎಣ್ಣೆತಟ್ಟೆ ಇಳಿಸಿ, ತಿರುಪಿಗೂ ಸರ್ವೋವಿನ ಕೊಂತಕ್ಕೂ ನಡುವೆ ಕಾಲಂಗುಲ ದಪ್ಪದ ಉಕ್ಕಿನ ತುಂಡೊಂದನ್ನಿಟ್ಟು ಬರಿಯ ಹತ್ತು ಅಂಗುಲ-ಪೌಂಡು ಬಿಗಿಯಬೇಕು. ಹತ್ತು ಎಂಬ ಅಂಕೆ ಅದೇ, ಕಂಪೆನಿಯೂ ಅದೇ. ಬಲ ಮಾತ್ರ ಹನ್ನೆರಡರಲ್ಲಿ ಒಂದು ಪಾಲು. ಆ ಕಾಲಂಗುಲದ ತುಂಡನ್ನು ಕಂಪೆನಿ ವಿಶೇಷ ಹತ್ಯಾರೆಂದು ಮಾರುತ್ತಿತ್ತು; ಕಾಲಂಗುಲದ ರಂಧ್ರ ಕೊರೆಯುವ ಡ್ರಿಲ್ಲಿನ ನುಣುಪಾದ ಹಿಂತುದಿಯೂ ಅಷ್ಟೇ ದಪ್ಪವೆಂಬುದನ್ನು ಕೊಟ್ಟಿಗೆಯ ಎಂಜಿನಿಯರುಗಳು ಬೇಗನೆ ಕಂಡುಕೊಂಡರು.

ಇತ್ತೀಚಿನ ಗಾಡಿಗಳಲ್ಲಿ ಇಂಥ ತಿರುಪನ್ನು ಹುಡುಕಿದರೆ ಸಿಕ್ಕದು. ಬೆಂಗಳೂರಿನ ಸಂದಣಿಯಲ್ಲಿ ಇಂದು ಓಡುವ ಸ್ವಯಂಚಾಲಿತ ಕಾರುಗಳಲ್ಲಿ ಹೊಂದಾಣಿಕೆಯನ್ನು ಗಣಕಯಂತ್ರವೇ ನೋಡಿಕೊಳ್ಳುತ್ತದೆ. ಎಷ್ಟೋ ಗಾಡಿಗಳಲ್ಲಿ ಎಣ್ಣೆಯ ಅಳತೆಕಡ್ಡಿಯೂ ಇಲ್ಲ. ಅಲ್ಲಿ ಸ್ಪ್ರಿಂಗ್ ತಕ್ಕಡಿಗೆ ಕೆಲಸವಿಲ್ಲ. ಹಳೆಯ ಪೆಟ್ಟಿಗೆಯಲ್ಲಿಯೂ ಎಲ್ಲವೂ ತಕ್ಕಡಿಯಿಂದ ಆಗತಕ್ಕದ್ದಲ್ಲ. ಒಳಗಿನ ಕ್ಲಚ್ಚು ಬಿಲ್ಲೆಗಳು ಸುಟ್ಟಿದ್ದರೆ, ಎಣ್ಣೆಯ ಪಂಪು ಸವೆದಿದ್ದರೆ, ಮೂರನೆಯ ಗೇರಿನಲ್ಲಿ ಜಾರಿದರೆ, ಯಾವ ತಿರುಪೂ ನೆರವಿಗೆ ಬಾರದು. ಅಸ್ತರಿ ಪೂರ್ತಿ ಸವೆದ ಪಟ್ಟಿಯನ್ನು ಬಿಗಿದರೆ ಉಕ್ಕು ಉಕ್ಕನ್ನು ಉಜ್ಜುವುದಷ್ಟೇ.

ಕೆಲಸ ಮುಗಿದ ಮೇಲೆ ಪರೀಕ್ಷೆ. 1964ರಿಂದ 1966ರವರೆಗಿನ ಗಾಡಿಗಳಲ್ಲಿ ಗೇರಿನ ಕೋಲಿನ ಬಳಿ ಎರಡು ಚುಕ್ಕೆಗಳಿವೆ. ದೊಡ್ಡದಾದ ಹಸುರು ಚುಕ್ಕೆಯಲ್ಲಿಟ್ಟರೆ ಗಾಡಿ ಮೊದಲನೆಯ ಗೇರಿನಿಂದ ಹೊರಡುತ್ತದೆ. ಸಣ್ಣ ಚುಕ್ಕೆಯಲ್ಲಿಟ್ಟರೆ ಎರಡನೆಯದರಿಂದಲೇ. ಇದನ್ನರಿಯದೆ ಸಣ್ಣ ಚುಕ್ಕೆಯಲ್ಲಿ ಹೊರಟು, ಗಾಡಿಗೆ ಮೊದಲ ಗೇರೇ ಹೋಯಿತೆಂದು ದುಃಖಿಸಿದ ಒಡೆಯರಿಲ್ಲದಿಲ್ಲ. ಹಸುರು ಚುಕ್ಕೆಯಲ್ಲಿ ಹಗುರವಾಗಿ ಹೊರಟು ಎರಡನೆಯ ಗೇರು ಬೀಳುವ ಗಳಿಗೆಗೆ ಕಿವಿಗೊಡಬೇಕು. ಎಂಜಿನಿನ ಸ್ವರ ಏರುತ್ತ ಬಂದು, ನಡುವೆ ಬೊಬ್ಬೆಯಿಲ್ಲದೆ ಒಮ್ಮೆಗೇ ಕೆಳಕ್ಕೆ ಇಳಿದರೆ ಪಟ್ಟಿ ಹಿಡಿದಿದೆ. ಹಿನ್ನಡೆಯ ಪಟ್ಟಿಯ ಪರೀಕ್ಷೆ ಬೇರೆ ಬಗೆ. ಮುನ್ನಡೆಯ ಮೊದಲ ಗೇರಿನಲ್ಲಿ ಅದರ ಕೆಲಸವನ್ನು ಒಂದೇ ದಿಕ್ಕಿಗೆ ತಿರುಗುವ ಕ್ಲಚ್ಚು ಮಾಡಿಬಿಡುವುದರಿಂದ ಆ ಪಟ್ಟಿಯ ದೋಷ ಅಲ್ಲಿ ಕಾಣಿಸದು. ಕೋಲನ್ನು ಕೆಳಗೇರಿನಲ್ಲಿಟ್ಟು ಇಳಿಜಾರಿನಲ್ಲಿ ಬಂದರೆ ಎಂಜಿನು ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಹಿನ್ನಡೆಯಲ್ಲಿ ಸಣ್ಣ ಏರನ್ನು ಜಾರದೆ ಹತ್ತಬೇಕು.

ಆ ರಾತ್ರಿ ಗಾಡಿಯ ಕೆಳಗೆ, ಎರಡು ತಿರುಪುಗಳ ನೇರಕ್ಕೆ, ಒಂದು ಬಿಳಿಯ ರಟ್ಟನ್ನು ಹಾಸಿಟ್ಟು ಮಲಗಬಹುದು. ಬೆಳಿಗ್ಗೆ ಎದ್ದು ನೋಡಿದಾಗ ರಟ್ಟಿನ ಮೇಲೆ ಕೆಂಪು ಹನಿ ಇಲ್ಲದಿದ್ದರೆ ಹೊಸ ನಟ್ಟಿನ ಮುದ್ರೆ ಸರಿಯಾಗಿ ಕೂತಿದೆ.